ಕೈ ಹಿಡಿದು ನೋಡುವ ಅಂಗಡಿಗಳು

ಹದಿನಾಲ್ಕು ತಿಂಗಳು ನಾನು ಒಂದು ಬಳೆ ಅಂಗಡಿಗೆ ಹೆದರಿಕೊಂಡು ಬದುಕಿದೆ. ಹಾವಿಗೆ ಹೆದರಿದವರನ್ನು, ಗುಡುಗಿಗೆ ಹೆದರಿದವರನ್ನು, ಅತ್ತೆಗೆ ಹೆದರಿದವರನ್ನು ನೀವು ನೋಡಿರಬಹುದು. ಹತ್ತಡಿ ಉದ್ದ ಆರಡಿ ಅಗಲದ ಗಾಜಿನ ಬಳೆಗಳ ಗೂಡಿಗೆ, ಅದರೊಳಗೆ ಚಾಪೆಯ ಮೇಲೆ ಕೂತ ಎಪ್ಪತ್ತು ದಾಟಿದ ಮುದುಕಿಗೆ ಹೆದರಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಿಂದ ನನ್ನ ತವರುಮನೆಗೆ ಹೋಗುವ ಹತ್ತಿರದ ದಾರಿ ಆ ಅಂಗಡಿಯ ಮುಂದೆಯೇ ಹಾಯುತ್ತದೆ. ಹಾಗಾಗಿ ನಾನು ದೂರದ ದಾರಿ ಹಿಡಿದೆ. ಎರಡು ಓಣಿ ಸುತ್ತಿ, ಹಿಟ್ಟಿನ ಗಿರಣಿಯ ಪಕ್ಕದಿಂದ ನುಸುಳಿ, ಸೆರಗಿನ ಮೇಲೆ ಯಾರದೋ ಜೋಳದ ಹಿಟ್ಟು ಹೊತ್ತುಕೊಂಡು ಮನೆ ಮುಟ್ಟುತ್ತಿದ್ದೆ. ‘ಯಾಕ ಅಕ್ಕಾ, ಗಿರಣ್ಯಾಗ ನೌಕರಿ ಹಿಡದೀಯೇನ?’ ಎಂದು ಈಗ ಆ ಮನೆಯಲ್ಲೇ ಇರುವ ತಂಗಿ ಗೀತಾ ನನ್ನ ಭುಜ ಜಾಡಿಸುತ್ತಿದ್ದಳು.

ವಿಚಿತ್ರವೆಂದರೆ ಅದು ನನಗೆ ಎಲ್ಲಕ್ಕಿಂತ ಪ್ರೀತಿಯ ಅಂಗಡಿ. ಹೆದರಿಕೆ ಬಂದದ್ದೂ ಅದಕ್ಕೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಪ್ರತಿ ಸೋಮವಾರ ಕೈ ತಪಾಸಣೆ. ಎರಡೂ ಕೈ ಮುಂದೆ ಚಾಚಿ ಸಾಲಾಗಿ ನಿಲ್ಲಬೇಕು. ಸಿಸ್ಟರ್ ಸ್ಕೇಲು ಹಿಡಿದು ಉಗುರು ನೋಡುತ್ತ ಬರುತ್ತಿದ್ದರು. ವಾರದ ಉಳಿದ ದಿನ ಕೈ ಬೆನ್ನ ಹಿಂದೆ. ಮುಟ್ಟಬೇಡ, ಬೆರಳು ಮಾಡಿ ತೋರಿಸಬೇಡ, ಗೋಡೆ ಸವರಿಕೊಂಡು ನಡೆಯಬೇಡ. ಒಳ್ಳೆಯ ಹುಡುಗಿಗೆ ಕೈಗಳಿವೆ ಎಂಬುದೇ ಯಾರಿಗೂ ಗೊತ್ತಾಗಬಾರದು ಎಂದು ಅವರ ಅಭಿಪ್ರಾಯವಿದ್ದಂತಿತ್ತು. ಹತ್ತು ವರ್ಷ ಹಾಗೆ ಬೆಳೆದವಳಿಗೆ ಅಂಗಡಿ ಎಂದರೆ ಬಿಡುಗಡೆ. ಅಲ್ಲಿ ಮುಟ್ಟಬಹುದು, ಮುಟ್ಟದಿದ್ದರೇ ಅಂಗಡಿಯವರಿಗೆ ಬೇಸರ. ‘ಕೈಯಾಗ ಹಿಡದು ನೋಡ್ರಿ ಅಕ್ಕಾರ’ ಎಂಬ ಮಾತಿಗೆ ನಾನು ಈ ಐವತ್ತೆರಡನೆಯ ವಯಸ್ಸಿನಲ್ಲೂ ಕರಗಿ ನೀರಾಗುತ್ತೇನೆ.

ನಮ್ಮ ಮನೆಯವರು ಹಾವೇರಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಮಾಸ್ತರರು. ಅವರಿಗೆ ಈ ರುಚಿ ತಿಳಿಯದು. ‘ಫೋನಿನ್ಯಾಗ ಒತ್ತಿದರ ಬಾಗಲಿಗೆ ಬರತೈತಿ, ಬಿಸಲಾಗ ಯಾಕ ತಿರಗತೀ?’ ಎನ್ನುತ್ತಾರೆ. ಬರುತ್ತದೆ, ನಿಜ. ರಟ್ಟಿನ ಡಬ್ಬಿ, ಅದರೊಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ಕು, ಅದರೊಳಗೆ ಸಾಮಾನು. ಆ ಗಾಳಿಗುಳ್ಳೆಗಳನ್ನು ಚಿಟ್ ಚಿಟ್ ಎಂದು ಒಡೆಯುವುದಷ್ಟೇ ಕೈಗೆ ಸಿಗುವ ಸುಖ. ತಂದುಕೊಟ್ಟವನು ಗೇಟಿನ ಹೊರಗಿಂದಲೇ ಹೋಗಿರುತ್ತಾನೆ. ನಾನು ಸೊರಗಿದ್ದೇನೆಯೋ ಊದಿದ್ದೇನೆಯೋ ಅವನಿಗೆ ಬೇಕಾಗಿಲ್ಲ.

ನನ್ನ ಅಂಗಡಿಗಳು ಹಾಗಲ್ಲ. ಹಾವೇರಿಯಲ್ಲಿ ಏಲಕ್ಕಿ ಹಾರ ಮಾಡುವವರ ಅಂಗಡಿಯೊಂದಿದೆ. ಬಿಳಿಚಿಸಿದ ಏಲಕ್ಕಿಗಳನ್ನು ಜರಿ, ರೇಷ್ಮೆದಾರ, ಮಣಿಗಳ ನಡುವೆ ಒಂದೊಂದಾಗಿ ಪೋಣಿಸುತ್ತ ಅವರು ಕೂತಿರುತ್ತಾರೆ. ಗಂಟು ಹಾಕುವ ಹೊತ್ತಿಗೆ ಯಾರಾದರೂ ದಾರದ ಇನ್ನೊಂದು ತುದಿ ಹಿಡಿಯಬೇಕು. ‘ಒಂದೀಟ ಹಿಡೀರಿ ಅಕ್ಕಾರ’ ಎಂದು ನನ್ನ ಕೈಗೇ ಕೊಡುತ್ತಾರೆ. ಯಾವ ಮಂತ್ರಿಯ ಕೊರಳಿಗೆ, ಯಾವ ಮದುಮಗನ ಕೊರಳಿಗೆ ಹೋಗುವ ಹಾರವೋ, ಅದರ ಒಂದು ಗಂಟಿಗೆ ನನ್ನ ಎರಡು ಬೆರಳು ಒದಗಿವೆ ಎಂಬ ಜಂಬದಲ್ಲಿ ಮನೆಗೆ ಬರುತ್ತೇನೆ.

ವರ್ಷದ ಖಾರದಪುಡಿಗೆ ಬ್ಯಾಡಗಿಗೆ ಹೋಗುವುದು ಇನ್ನೊಂದು ಸಂಭ್ರಮ. ಬಸ್ಸು ಮೋಟೆಬೆನ್ನೂರು ದಾಟುವ ಹೊತ್ತಿಗೇ ನಾನು ಕರ್ಚೀಫು ತೆಗೆದಿಟ್ಟುಕೊಳ್ಳುತ್ತೇನೆ. ಸೀನು ಬಂದಿರುವುದಿಲ್ಲ, ಬರಲಿದೆ ಎಂಬ ಖುಷಿ ಬಂದಿರುತ್ತದೆ. ಅಲ್ಲಿ ಮೆಣಸಿನಕಾಯಿ ವ್ಯಾಪಾರಿ ಬಸಣ್ಣ, ಕೆಂಪಗೆ ನಿರಿಗೆಗಟ್ಟಿದ ಕಾಯೊಂದನ್ನು ಅಂಗೈ ಮೇಲಿಟ್ಟು, ‘ಕಿವಿ ಹತ್ರ ಹಿಡದು ಅಳ್ಳಾಡಸ್ರಿ’ ಎನ್ನುತ್ತಾರೆ. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಿಲಕಿಯಂತೆ ಸದ್ದು ಮಾಡಬೇಕು. ದೊಡ್ಡವರು ಸಾಲಾಗಿ ನಿಂತು ಮೆಣಸಿನಕಾಯಿಯನ್ನು ಕಿವಿಗೆ ಹಿಡಿದು ತಲೆ ಓರೆ ಮಾಡಿರುವ ನೋಟ ಬೇರೆ ಯಾವ ಊರಿನಲ್ಲಿ ಕಾಣಸಿಗುತ್ತದೆ ಹೇಳಿ!

ಆದರೆ ಎಲ್ಲದರ ಮುಕುಟ ರಾಣೆಬೆನ್ನೂರಿನ ಮಾಬೂಬಕ್ಕನ ಬಳೆ ಅಂಗಡಿ. ನಾನು ಲಂಗ ಉಡುತ್ತಿದ್ದಾಗಿಂದ ಆಕೆ ನನ್ನ ಕೈಗೆ ಬಳೆ ಇಟ್ಟವರು. ನನ್ನ ತಾಯಿಯ ವಾರಿಗೆಯವರಾದರೂ ಇಡೀ ಓಣಿಗೆ ಅಕ್ಕ. ಬಣ್ಣ ಆರಿಸುವವರೆಗೆ ಆಕೆಯ ಕಣ್ಣು ನಮ್ಮ ಸೀರೆಯ ಮೇಲೆ, ಬಳೆಯ ಮೇಲೆ, ದೀಪದ ಬೆಳಕಿನ ಮೇಲೆ ಓಡಾಡುತ್ತಿರುತ್ತವೆ. ಕೈ ಹಿಡಿದೊಡನೆ ಕಣ್ಣು ಮುಚ್ಚಿಬಿಡುತ್ತಾರೆ. ‘ಕಣ್ಣ ಬಣ್ಣಕ್ಕ, ಬಳ್ಳ ಅಳತಿಗೆ’ ಎಂದು ಒಮ್ಮೆ ಹೇಳಿದ್ದರು, ಬಳ್ಳ ಎಂದರೆ ಬೆರಳು. ಹೆಬ್ಬೆರಳಿನ ಬುಡವನ್ನು ಒಳಗೆ ಮಡಿಸಿ, ಗೆಣ್ಣುಗಳನ್ನು ಒಂದರೊಳಗೊಂದು ಕೂರಿಸಿ, ಅಂಗೈಯನ್ನು ದೋಣಿಯಂತೆ ಮಾಡಿ, ಬಳೆಯನ್ನು ತಿರುಗಿಸುತ್ತ ಏರಿಸುತ್ತಾರೆ. ನಿಮ್ಮ ಕೈ ಎಷ್ಟು ಚಿಕ್ಕದಾಗಬಲ್ಲದು ಎಂದು ನಿಮಗೇ ಗೊತ್ತಿರುವುದಿಲ್ಲ, ಆಕೆಗೆ ಗೊತ್ತಿರುತ್ತದೆ.

ಅಷ್ಟೇ ಆಗಿದ್ದರೆ ಹೆದರಬೇಕಿರಲಿಲ್ಲ. ಆಕೆಗೆ ಬೇರೆಯೂ ಗೊತ್ತಾಗುತ್ತದೆ. ಹಸ್ತಸಾಮುದ್ರಿಕದವರು ಅಂಗೈಯ ಗೆರೆ ಓದಿ ಮುಂದೆ ಬರಲಿರುವ ಕಾರು, ವಿದೇಶ ಪ್ರಯಾಣ ಎಲ್ಲ ಹೇಳುತ್ತಾರೆ. ಅವು ಬಾರದಿದ್ದರೆ ಗೆರೆಯದೇ ತಪ್ಪು. ಬಳೆಯವರು ಎಲುಬು ಓದುತ್ತಾರೆ. ಹಿಂದಿನ ಕಾಲದಲ್ಲಿ ಹೆಣ್ಣುಮಕ್ಕಳ ಕೈ ಹಿಡಿಯಲು ಮನೆಯ ಹೊರಗಿನವರಲ್ಲಿ ಅಪ್ಪಣೆ ಇದ್ದದ್ದು ಇಬ್ಬರಿಗೆ: ನಾಡಿ ನೋಡುವ ವೈದ್ಯರಿಗೆ ಮತ್ತು ಬಳೆಗಾರರಿಗೆ. ವೈದ್ಯರು ಬರುತ್ತಿದ್ದದ್ದು ಜಡ್ಡಾದ ಮೇಲೆ, ಬಳೆಗಾರರು ಹಬ್ಬಕ್ಕೆ. ಹೀಗಾಗಿ ಸುದ್ದಿ ಮೊದಲು ಮುಟ್ಟುತ್ತಿದ್ದದ್ದು ಬಳೆಗಾರರಿಗೇ. ಪಕ್ಕದ ಮನೆಯ ಸೊಸೆ ಬಸುರಿ ಎಂದು ಅತ್ತೆಗಿಂತ ಮೊದಲು ತಿಳಿದದ್ದು ಮಾಬೂಬಕ್ಕನಿಗೆ. ಕುಪ್ಪೇಲೂರಿಗೆ ಕೊಟ್ಟ ಹುಡುಗಿಯೊಬ್ಬಳು ಗಂಡನ ಮನೆಯಲ್ಲಿ ಹೊಟ್ಟೆತುಂಬ ಉಣ್ಣುತ್ತಿಲ್ಲ ಎಂದು ಅವಳ ತಾಯಿಗೆ ಹೇಳಿದ್ದೂ ಆಕೆಯೇ. ‘ಮೂರ ತಿಂಗಳದಾಗ ಬಳಿ ಎರಡ ಅಳತಿ ಇಳದೈತಿ, ಹೋಗಿ ಕೇಳ್ರಿ’ ಎಂದಿದ್ದರಂತೆ.

ನನ್ನ ಅವ್ವನ ಸಂಗತಿ ಇನ್ನು ಹೇಳಬೇಕು. ಹದಿಮೂರು ವರ್ಷದ ಹಿಂದೆ, ಪಂಚಮಿ ಹಬ್ಬದ ಮುಂದೆ, ಅವ್ವ ಮತ್ತು ನಾನು ಆ ಚಾಪೆಯ ಮೇಲೆ ಕೂತಿದ್ದೆವು. ಅವ್ವ ಯಾರದೋ ಮದುವೆಯ ಊಟದಲ್ಲಿ ಬದನೆಕಾಯಿಗೆ ಉಪ್ಪು ಹೆಚ್ಚಾಗಿದ್ದರ ಕುರಿತು ಭಾಷಣ ಮಾಡುತ್ತಿದ್ದಳು. ಬಲಗೈ ಹಿಡಿದ ಮಾಬೂಬಕ್ಕ ಮುಚ್ಚಿದ ಕಣ್ಣು ತೆರೆಯದೆ ಮಣಿಕಟ್ಟನ್ನು ಮತ್ತೊಮ್ಮೆ ಸವರಿದರು. ಕೈಯಲ್ಲಿದ್ದ ಬಳೆ ಕೆಳಗಿಟ್ಟು ಕೇಳಿದರು: ‘ಅಕ್ಕಾರ, ಚಾ ಕಪ್ಪು ಹಿಡದಾಗ ಬಸಿ ಸಪ್ಪಳ ಮಾಡತೈತೇನ್ರಿ?’

ಬಸಿ ಎಂದರೆ ನಮ್ಮ ಕಡೆ ಕಪ್ಪಿನ ಕೆಳಗಿನ ತಟ್ಟೆ. ಅವ್ವ ನಕ್ಕಳು. ‘ಬಸಿ ಅಲ್ಲ, ನಾನ ಸಪ್ಪಳ ಮಾಡತೇನಿ’ ಎಂದಳು. ಎಲ್ಲರೂ ನಕ್ಕೆವು, ಮಾಬೂಬಕ್ಕನನ್ನು ಬಿಟ್ಟು. ಎಂಟು ತಿಂಗಳ ಮೇಲೆ ಹುಬ್ಬಳ್ಳಿಯ ದೊಡ್ಡ ಡಾಕ್ಟರು ಅವ್ವನಿಗೆ ಪಾರ್ಕಿನ್ಸನ್ ಎಂದರು. ಎಂಟು ವರ್ಷ ಅದರೊಂದಿಗಿದ್ದು, ನಾಲ್ಕು ವರ್ಷದ ಹಿಂದೆ ಅವ್ವ ಹೋದಳು. ಮೊದಲು ಬಲಗೈ, ಆಮೇಲೆ ಬರಹ, ಆಮೇಲೆ ನಡಿಗೆ, ಕೊನೆಗೆ ಆ ಭಾಷಣ. ಬದನೆಕಾಯಿಯ ಉಪ್ಪಿನ ಬಗ್ಗೆ ಹೇಳಲು ಹೊರಟು ಒಂದು ಶಬ್ದಕ್ಕೆ ಒಂದು ನಿಮಿಷ ಕಾಯುವಂತಾಯಿತು.

ಈಗ ನನ್ನ ಹದಿನಾಲ್ಕು ತಿಂಗಳು. ಒಂದು ಭಾನುವಾರ ಬೆಳಿಗ್ಗೆ ಮನೆಯವರಿಗೆ ಚಹಾ ಒಯ್ಯುತ್ತಿದ್ದೆ. ಅವರು ಪೇಪರಿನಿಂದ ತಲೆಯೆತ್ತಿ, ‘ಗೇಟ್ ಯಾರೋ ಅಲುಗಿಸಿದಂಗ ಆತಲ್ಲ?’ ಎಂದರು. ಎದ್ದು ಹೋಗಿ ನೋಡಿದರು. ಯಾರೂ ಇರಲಿಲ್ಲ. ಗೇಟಿನ ಸಪ್ಪಳ ಇದ್ದದ್ದು ನನ್ನ ಕೈಯಲ್ಲಿ, ಕಪ್ಪು ಮತ್ತು ಬಸಿಯ ನಡುವೆ. ಅವರು ಹಿಂದಿರುಗಿ ಬರುವಷ್ಟರಲ್ಲಿ ನಾನು ಚಹಾ ಮೇಜಿನ ಮೇಲಿಟ್ಟು ಅಡುಗೆಮನೆ ಸೇರಿದ್ದೆ. ಅಂದೇ ಆರೂ ಬಸಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಕೊಲೆ ಮಾಡಿದವರು ಚೂರಿ ಮುಚ್ಚಿಡುವುದನ್ನು ಕೇಳಿದ್ದೆ. ಬಸಿ ಮುಚ್ಚಿಟ್ಟವಳು ನಾನೇ ಮೊದಲಿಗಳಿರಬೇಕು.

ಆಮೇಲೆ ಗಳಗನಾಥಕ್ಕೆ ಹೋದಾಗ ಪೂಜಾರಿಗಳು ತೀರ್ಥ ಕೊಟ್ಟರು. ತೀರ್ಥಕ್ಕೆ ಬಲಗೈಯೇ ಆಗಬೇಕು. ಹೊರಗೆ ತುಂಗಭದ್ರೆ ಮತ್ತು ವರದೆ, ಎರಡು ನದಿಗಳು ಒಂದನ್ನೊಂದು ಸೇರುತ್ತಿದ್ದವು. ಮೇಲ್ಮೈಯಲ್ಲಿ ಒಂದು ಸುಕ್ಕಿಲ್ಲ. ನನ್ನ ಅಂಗೈಯೊಳಗಿನ ಒಂದು ಚಮಚೆ ನೀರು ಮಾತ್ರ ಉಂಗುರ ಉಂಗುರವಾಗಿ ಅಲೆಯೇಳುತ್ತಿತ್ತು. ಕುಡಿಯದೆ ಅದನ್ನೇ ನೋಡುತ್ತ ನಿಂತುಬಿಟ್ಟೆ. ‘ತಗೊಳ್ರಿ, ತಗೊಳ್ರಿ, ಹಿಂದಿನವರು ನಿಂತಾರ’ ಎಂದರು ಪೂಜಾರಿಗಳು.

ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ಹುಡುಕಿದೆ. ಹತ್ತು ನಿಮಿಷದಲ್ಲಿ ನನಗೆ ಹದಿನಾರು ರೋಗಗಳಾದವು. ಅದರಲ್ಲಿ ಒಂದು ಕುದುರೆಗಳಿಗೆ ಮಾತ್ರ ಬರುವಂಥದ್ದು. ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋದರೆ ಅವರು ಹೇಳಿಬಿಡುತ್ತಾರಲ್ಲ! ಹೇಳಿಸಿಕೊಳ್ಳದಿರುವವರೆಗೆ ಅದು ಬರೀ ನನ್ನ ಕೈ. ಹೇಳಿಸಿಕೊಂಡ ಮೇಲೆ ಅವ್ವನ ಕೈ.

ಹೀಗೆ ಹೆದರಿಕೆ ಒಳಗೆ ಬಂದ ಮೇಲೆ ನನ್ನ ಅಂಗಡಿಗಳು ಒಂದೊಂದಾಗಿ ಕೈಬಿಟ್ಟವು. ಏಲಕ್ಕಿ ಹಾರದವರು ದಾರದ ತುದಿ ಕೊಟ್ಟರು. ದಾರ ವೀಣೆಯ ತಂತಿಯಂತೆ ಮಿಡಿಯಿತು. ಅವರು ಮೇಲೆ ನೋಡಿ, ‘ಗಾಳಿ ಭಾಳ ಆತು’ ಎಂದು ಫ್ಯಾನ್ ಆರಿಸಿದರು. ಫ್ಯಾನ್ ನಿಂತಿತು, ದಾರ ನಿಲ್ಲಲಿಲ್ಲ. ಆ ಮೇಲೆ ನಾನು ಅಲ್ಲಿಗೆ ಹೋಗಲಿಲ್ಲ.

ಬ್ಯಾಡಗಿಯಲ್ಲಿ ಆದದ್ದು ಇನ್ನೂ ಮೇಲು. ಬಸಣ್ಣ ಅಂಗೈಗೆ ಕಾಯಿ ಇಟ್ಟರು, ನಾನು ಕಿವಿಯ ಹತ್ತಿರ ಹಿಡಿದೆ. ಅಲುಗಿಸಲೇ ಇಲ್ಲ. ಬೀಜಗಳು ತಮ್ಮಷ್ಟಕ್ಕೆ ಗಿಲಿಗಿಲಿ ಎನ್ನತೊಡಗಿದವು. ಬಸಣ್ಣನ ಮುಖ ಅರಳಿತು. ‘ನೋಡ್ರೆಪಾ, ಹೆಂಗ ಒಣಗೈತಿ ಮಾಲು! ಅಕ್ಕಾರು ಬರೇ ಹಿಡದಾರ, ತಾನ ಹಾಡಾಕತ್ತೈತಿ!’ ಎಂದು ಬೇರೆ ಗಿರಾಕಿಗಳನ್ನೂ ಕರೆದರು. ನಾಲ್ಕು ಜನ ನನ್ನ ಕೈಯತ್ತ ಕಿವಿ ತಂದು ತಲೆದೂಗಿದರು. ನಾನು ನಗುತ್ತ ಕಾಯನ್ನು ಬಸಣ್ಣನ ಕೈಗೆ ಹಿಂದಿರುಗಿಸಿದೆ.

ಉಳಿದದ್ದು ಹಾವೇರಿಯ ಶಿವಪ್ಪನವರ ಪುಸ್ತಕದಂಗಡಿ. ಅಲ್ಲಿ ನನ್ನ ಭಯ ಹೊಸ ವೇಷ ಹಾಕಿತು. ಡಾಕ್ಟರು ಅವ್ವನಿಂದ ಒಂದು ಸಾಲು ಬರೆಸಿ ನೋಡಿದ್ದರು. ಸಾಲಿನ ಕೊನೆಗೆ ಹೋಗುತ್ತ ಅಕ್ಷರ ಇರುವೆಯಷ್ಟಾಗಿದ್ದವು. ನಾನೂ ನನ್ನನ್ನು ಪರೀಕ್ಷಿಸಿಕೊಳ್ಳಬೇಕೆಂದು, ಕಾನ್ವೆಂಟಿನಲ್ಲಿ ಬರೆಯುತ್ತಿದ್ದಂಥ ನಾಲ್ಕು ಗೆರೆಯ ಕಾಪಿ ಪುಸ್ತಕ ಕೇಳಿದೆ. ತಿಂಗಳಿಗೊಂದು ಪುಟ, ಒಂದಕ್ಕೊಂದು ಕೂಡಿಸಿ ಬರೆಯುವ ಇಂಗ್ಲಿಷ್ ಕುಣಿಕೆ ಅಕ್ಷರ ಬರೆದು, ಹಿಂದಿನ ತಿಂಗಳ ಪುಟದ ಪಕ್ಕ ಇಟ್ಟು ನೋಡುವುದು ನನ್ನ ಯೋಜನೆ.

‘ಮೊಮ್ಮಗಳಿಗೇನ್ರೀ?’ ಎಂದರು ಶಿವಪ್ಪ.

‘ಹೂಂ’ ಎಂದೆ. ಒಂದು ಸಣ್ಣ ಸುಳ್ಳು. ನನಗಿರುವವಳು ಒಬ್ಬಳೇ ಮಗಳು, ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಾಳೆ, ಮದುವೆಯ ಮಾತೆತ್ತಿದರೆ ಫೋನ್ ಇಡುತ್ತಾಳೆ. ಅವಳಿಗೆ ತಿಳಿಯದಂತೆ ಅವಳಿಗೊಂದು ಮಗು ಹುಟ್ಟಿತು. ಮುಂದಿನ ಸಲ ಶಿವಪ್ಪ ಹೆಸರು ಕೇಳಿದರು. ಬಾಯಿಗೆ ಬಂದದ್ದು ಅನನ್ಯ. ಅದರ ಮುಂದಿನ ಸಲ, ‘ಅನನ್ಯಾಗ ಕುಣಿಕಿ ಬರ್ಯಾಕ ಬಂತೇನ್ರಿ?’ ಎಂದರು.

‘ಬರೀತಾಳರಿ. ಸ್ವಲ್ಪ ನಡಗತಾವ.’

‘ಸಣ್ಣ ಕೈ ಅಲ್ರೀ. ಕುಂದ್ರತೈತಿ, ಕಾಳಜಿ ಮಾಡಬ್ಯಾಡ್ರಿ.’

ನೀವು ನಂಬುವುದಿಲ್ಲ, ಆ ಮಾತಿನಿಂದ ನನಗೆ ಎರಡು ದಿನ ಸಮಾಧಾನವಾಗಿತ್ತು. ಆಮೇಲೆ ಒಂದನೆಯ ತಾರೀಖು ಬಂತು, ಪುಟ ಬರೆದೆ. ಅನನ್ಯಳ ಕೈ ಕುಂದ್ರುವ ಲಕ್ಷಣ ಕಾಣಲಿಲ್ಲ.

ಇಷ್ಟಾದರೂ ಮಾಬೂಬಕ್ಕನ ಅಂಗಡಿ ಒಂದನ್ನು ತಪ್ಪಿಸಿಕೊಂಡರೆ ಸಾಕೆಂದಿದ್ದೆ. ಉಳಿದವರೆಲ್ಲ ಗಾಳಿ ಎಂದುಕೊಳ್ಳಬಹುದು, ಮಾಲು ಎಂದುಕೊಳ್ಳಬಹುದು, ಅನನ್ಯ ಎಂದುಕೊಳ್ಳಬಹುದು. ಆ ಬೆರಳುಗಳಿಗೆ ಮೋಸ ಮಾಡಲಾಗದು. ಹಳೆಯ ಬಳೆಗಳನ್ನೇ ಜೋಪಾನ ಮಾಡಿದೆ. ಒಂದೊಂದು ಒಡೆದಾಗಲೂ ಎಡಗೈಯಿಂದ ಬಲಗೈಗೆ ಸಾಲ ತಂದೆ.

ಅಷ್ಟರಲ್ಲಿ ಗೀತಾಳ ಮಗಳು ಪಲ್ಲವಿಯ ಮದುವೆ ನಿಶ್ಚಯವಾಯಿತು. ಮದುವೆಗೆ ನಾಲ್ಕೈದು ದಿನ ಮೊದಲು ಮದುಮಗಳ ಜೊತೆ ಮನೆಯ ಹೆಣ್ಣುಮಕ್ಕಳೆಲ್ಲ ಹಸಿರು ಬಳೆ ಇಡಿಸಿಕೊಳ್ಳಬೇಕು. ಮದುಮಗಳದು ಮುಗಿದೊಡನೆ ದೊಡ್ಡಮ್ಮನ ಸರದಿ, ಎಂದರೆ ನನ್ನದು. ಮೊದಲಾಗಿದ್ದರೆ ಮಾಬೂಬಕ್ಕನೇ ಪೆಟ್ಟಿಗೆ ಹೊತ್ತು ಮನೆಗೆ ಬರುತ್ತಿದ್ದರು. ಈಗ ಮೊಣಕಾಲು ನೋವು, ನಾವೇ ಹೋಗಬೇಕು. ‘ನಂದು ಬಂಗಾರದ ಬಳಿ ಅದಾವಲ್ಲ, ಗಾಜಿನವು ಯಾಕ?’ ಎಂದು ನೋಡಿದೆ. ‘ಅಕ್ಕಾ, ಗಿರಣಿ ಹಿಟ್ಟು ತಲಿಗೆ ಏರೇತೇನ?’ ಎಂದಳು ಗೀತಾ.

ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆ. ಹೋಳಿಗೆಯ ಹಂಚಿಗೆ ಕೈ ತಾಗಿತೆಂದು ಬಲಗೈಗೆ ಅರಿಸಿನ ಮೆತ್ತಿ, ಹಳೆಯ ಧೋತರದ ಬಟ್ಟೆ ಸುತ್ತಿ, ಮಣಿಕಟ್ಟಿನವರೆಗೆ ದೊಡ್ಡದೊಂದು ಪಟ್ಟಿ ಕಟ್ಟಿಕೊಂಡೆ. ಎಡಗೈಗೆ ಮಾತ್ರ ಬಳೆ, ಬಲಗೈಗೆ ವಿನಾಯಿತಿ. ಅಯ್ಯೋ ಪಾಪ ಎಂದು ಎಲ್ಲರೂ ಮರುಗಿದರು. ನನ್ನ ಪಾಲಿನ ಹೋಳಿಗೆಯನ್ನು ಯಾರೋ ಚೂರು ಮಾಡಿ ಬಾಯಿಗೂ ಇಟ್ಟರು. ಸುಳ್ಳಿಗೆ ಇಷ್ಟು ಉಪಚಾರ ಸಿಗುತ್ತದೆಂದು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ.

ಮಧ್ಯಾಹ್ನ ಹನ್ನೊಂದು ಜನ ಹೊರಟೆವು. ಅಂಗಡಿ ಹಾಗೇ ಇತ್ತು. ಕಡ್ಡಿಗಳಿಗೆ ಪೋಣಿಸಿದ ಬಳೆಗಳ ಸಾಲು, ಬಾಗಿಲಿನಿಂದ ಬಂದ ಬಿಸಿಲು ಅವುಗಳ ಮೂಲಕ ಹಾಯ್ದು ಗೋಡೆಯ ಮೇಲೆ ಬಿದ್ದ ಹಸಿರು ಕೆಂಪು ಕಲೆಗಳು, ಒಡೆದ ಚೂರು ಹಾಕುವ ಬಿಸ್ಕತ್ತಿನ ಡಬ್ಬಿ. ಮಾಬೂಬಕ್ಕ ಪಲ್ಲವಿಗೆ ಬಳೆ ಇಟ್ಟು, ಹರಸಿ, ತಲೆಯೆತ್ತಿದರು.

‘ಬಾರವ್ವಾ ಸುಜಾತಾ. ಗಿರಣಿ ದಾರಿ ಚಲೋ ಆತೇನ?’

‘ಯಾವ ಗಿರಣಿ?’ ಎಂದೆ.

‘ಗಿರಣಿ ಯಾರದಂತ ತಿಳದೀದಿ? ನನ್ನ ಮೈದುನಂದು. ಹಾವೇರಿ ಅಕ್ಕಾರು ಇವತ್ತೂ ಈ ಕಡೆಯಿಂದ ಹಾದ್ರು ಅಂತ ವರದಿ ಕೊಡತಿದ್ದ.’

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ನಾನೂ ನಕ್ಕು, ಎಡಗೈ ಮುಂದೆ ಚಾಚಿದೆ. ಮಾಬೂಬಕ್ಕ ಅದನ್ನು ಹಿಡಿಯಲಿಲ್ಲ. ನನ್ನ ಪಟ್ಟಿಯನ್ನೊಮ್ಮೆ ನೋಡಿದರು. ‘ಗೀತಾ, ಎಲ್ಲಾರ್ನೂ ಕರಕೊಂಡು ಎದುರಿನ ಅಂಗಡ್ಯಾಗ ಕುಪ್ಪಸದ ಬಟ್ಟಿ ನೋಡಿ ಬರ್ರಿ. ಇಲ್ಲಿ ಗಾಳಿ ಆಡವಲ್ದು’ ಎಂದರು. ಕುಪ್ಪಸದ ಬಟ್ಟೆ ಎಂದದ್ದೇ ತಡ, ಚಾಪೆ ಖಾಲಿಯಾಯಿತು.

ಆಕೆ ಪಟ್ಟಿಯ ಗಂಟು ಬಿಚ್ಚಿದರು. ಸುತ್ತು ಸುತ್ತಾಗಿ ಬಟ್ಟೆ ಕಳಚಿತು. ಅರಿಸಿನವನ್ನು ತಮ್ಮ ಸೆರಗಿನ ತುದಿಯಿಂದ ಒರೆಸಿದರು. ಒಳಗೆ ಮಾಸದ, ಸುಡದ, ಅರಿಸಿನದಿಂದ ಮತ್ತಷ್ಟು ಹೊಳೆಯುತ್ತಿದ್ದ ಕೈ.

‘ಭಾಳ ಸುಟ್ಟೈತಿ’ ಎಂದರು.

ಕೈ ನಡುಗುತ್ತಿತ್ತು. ಆಕೆ ಕಣ್ಣು ಮುಚ್ಚಿ ಅದನ್ನು ಎರಡೂ ಕೈಯಲ್ಲಿ ಹಿಡಿದರು. ಅವ್ವನ ಕೈ ಹಿಡಿದಂತೆಯೇ, ಅದೇ ಜಾಗ, ಅದೇ ಹಿಡಿತ. ಎದುರಿನ ಅಂಗಡಿಯಿಂದ ಗೀತಾಳ ಚೌಕಾಶಿ ಕೇಳುತ್ತಿತ್ತು.

‘ನಡಗತೈತಿ’ ಎಂದರು ಮಾಬೂಬಕ್ಕ.

‘ಅವ್ವನಂಗ?’ ಎಂದು ಕೇಳಿದೆ.

‘ಅದನ್ನ ಹೇಳಾಕ ನಾ ಡಾಕ್ಟರ ಅಲ್ಲ. ನಿಮ್ಮವ್ವನ ಕೈ ನನಗ ಹಬ್ಬಕ್ಕ ಹಬ್ಬಕ್ಕ ಗೊತ್ತಿತ್ತು. ಅದಕ್ಕ ತಿಳೀತು. ನಿನ್ನ ಕೈ ವರ್ಷದ ಮ್ಯಾಲೆ ಆತು ನಾ ಮುಟ್ಟಿಲ್ಲ. ನಡುವ ಏನಾಗೈತಿ ಅಂತ ಹೆಂಗ ಹೇಳ್ಲಿ?’ ಆಕೆಯ ಮಾತಿನಲ್ಲಿ ಸಿಟ್ಟಿತ್ತು. ‘ನನಗ ಅಂಜಿ ಓಡ್ಯಾಡಿದಿ. ನಾ ಏನ ತಂದ ಹಚ್ಚತೇನೇನ ನಡುಕಾನ್ನ?’

ಆಕೆ ಹಸಿರು ಬಳೆಯೊಂದನ್ನು ತೆಗೆದು ಬೆರಳಿಗೆ ಸೇರಿಸಿದರು. ಗೆಣ್ಣಿನ ಹತ್ತಿರ ಬಂದಾಗ ಚಟ್ ಎಂದಿತು. ಎರಡು ತುಂಡು. ಮದುವೆಯ ಬಳೆ, ಮೊದಲನೆಯದೇ! ಅಪಶಕುನ ಎಂದುಕೊಂಡೆ. ಮಾಬೂಬಕ್ಕ ಮಾತ್ರ ಚೂರುಗಳನ್ನು ಆರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದರು.

‘ನಡಗಿದ್ದಕ್ಕ ಒಡದದ್ದಲ್ಲ ಅದು’ ಎಂದರು. ‘ಬಿಗಿ ಹಿಡದೀದಿ. ನಡುಕ ಕಾಣಬಾರದಂತ ಇಡೀ ಕೈ ಕಟ್ಟಿಗಿ ಮಾಡೀದಿ. ನಡಗೂ ಕೈಗೆ ಬಳಿ ಇಡೂದು ನನಗ ತ್ರಾಸ ಇಲ್ಲ. ಕಟ್ಟಿಗಿಗೆ ಇಡೂದು ತ್ರಾಸು. ನಿಮ್ಮವ್ವಗ ಎಷ್ಟ ವರ್ಷ ಮನಿಗೆ ಬಂದು ಇಟ್ಟೇನಿ, ಗೀತಾನ್ನ ಕೇಳು. ಒಂದ ಬಳಿ ಒಡದಿಲ್ಲ.’

‘ಅಷ್ಟು ನಡಗತಿತ್ತಲ್ಲ ಆಕಿ ಕೈ?’

‘ನಡಗಾಕ ಬಿಟ್ಟಿದ್ಲು. ನಾ ಬಳಿ ಹಿಡದು ಸುಮ್ಮ ಕುಂದ್ರತಿದ್ದೆ. ಆಕಿ ಕೈ ತಾನ ಅದನ್ನ ತಿರಗಿಸಿ ತಿರಗಿಸಿ ಒಳಗ ತಗೋತಿತ್ತು. “ಮಾಬೂಬಿ, ಅರ್ಧ ಕೆಲಸ ನಾನ ಮಾಡೇನಿ” ಅಂತ ಹೇಳಾಕ ಒಂದ ತಾಸ ಮಾಡತಿದ್ಲು ನಿಮ್ಮವ್ವ. ನಾ ಕಾಯತಿದ್ದೆ. ಆಕಿ ಚಾಷ್ಟಿ ಕೇಳದ ಹೆಂಗ ಎದ್ದ ಹೋಗ್ಲಿ?’

ನಾನು ಹಾವೇರಿಯಲ್ಲಿದ್ದೆ, ಇದು ನನಗೆ ಗೊತ್ತಿರಲಿಲ್ಲ. ಅವ್ವನ ಕೊನೆಯ ವರ್ಷಗಳೆಂದರೆ ನನ್ನ ನೆನಪಿನಲ್ಲಿ ಚೆಲ್ಲಿದ ಚಹಾ, ಇರುವೆಯಂಥ ಅಕ್ಷರ, ಮುಗಿಯದ ಶಬ್ದ. ಅದರ ನಡುವೆ ಹಬ್ಬಕ್ಕೊಮ್ಮೆ ಹೀಗೊಂದು ಚಾಷ್ಟಿ, ಇಂಥ ತಮಾಷೆ, ನಡೆದಿತ್ತು ಎಂದು ಯಾರೂ ಹೇಳಿರಲಿಲ್ಲ.

ಕೈ ಸಡಿಲ ಬಿಟ್ಟೆ. ಅಷ್ಟು ತಿಂಗಳು ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು. ಕೈ ಪಟಪಟನೆ ಅದುರಿತು. ಮಾಬೂಬಕ್ಕ ಬಳೆ ಹಿಡಿದು ಕೂತರು. ಅದು ತಿರುಗುತ್ತ, ತಡವುತ್ತ, ಗೆಣ್ಣು ದಾಟಿ ಮಣಿಕಟ್ಟಿಗೆ ಬಂತು. ಹೆಂಗಸರು ಕುಪ್ಪಸದ ಬಟ್ಟೆಯೊಂದಿಗೆ ಮರಳುವ ಹೊತ್ತಿಗೆ ಒಂದು ಡಜನ್ ಏರಿದ್ದವು. ಆಗ ಹೊಳೆಯಿತು ನನಗೆ ಆದ ಮೋಸ. ಗಾಜಿನ ಬಳೆ ತೊಟ್ಟ ಕೈ ನಡುಗಿದರೆ ಸುಮ್ಮನಿರುತ್ತದೆಯೇ? ಗಿಲ್ ಗಿಲ್ ಗಿಲ್. ಬಸಿ ಅಟ್ಟ ಸೇರಿತ್ತು. ಈ ಹನ್ನೆರಡನ್ನು ಎಲ್ಲಿ ಬಚ್ಚಿಡಲಿ?

ಸಂಜೆ ಮದುವೆಮನೆಯ ಅಂಗಳದಲ್ಲಿ ಮನೆಯವರು ಕೇಳಿದರು: ‘ಏನದು ಸಪ್ಪಳ?’

‘ನನ್ನ ಕೈ’ ಎಂದೆ. ಎಲ್ಲ ಹೇಳಿದೆ. ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ‘ಬಸಿ ಎಲ್ಲಿ ಹೋದುವಂತ ಕೇಳಬೇಕಂತಿದ್ದೆ. ನೀ ಸಿಟ್ಟಾಗತಿ ಅಂತ ಅಂಜಿದ್ದೆ’ ಎಂದರು. ಒಂದೇ ಮನೆಯಲ್ಲಿ ಇಬ್ಬರು ಆರು ಬಸಿಗಳಿಗೆ ಹೆದರಿಕೊಂಡು ಇಷ್ಟು ದಿನ ಸಂಸಾರ ಮಾಡಿದ್ದೆವು. ಮರುದಿನವೇ ಅವರು ಹುಬ್ಬಳ್ಳಿಗೆ ಫೋನ್ ಮಾಡಿದರು. ಮದುವೆಯ ಮೇಲೆ, ಬರುವ ಗುರುವಾರ, ಡಾಕ್ಟರು ಸಮಯ ಕೊಟ್ಟಿದ್ದಾರೆ. ‘ನಾನೂ ಬರತೇನಿ, ನನ್ನ ಮೊಣಕಾಲ ಯಾರರ ನೋಡ್ಯಾರು’ ಎಂದಿದ್ದಾರೆ ಮಾಬೂಬಕ್ಕ. ಅದು ನರದ ಡಾಕ್ಟರು ಎಂದರೂ ಕೇಳುತ್ತಿಲ್ಲ.

ಹೆದರಿಕೆ ಹೋಯಿತೇ ಎಂದರೆ, ಇಲ್ಲ. ಡಾಕ್ಟರು ಬರೀ ವಯಸ್ಸು ಎನ್ನಬಹುದು, ಥೈರಾಯ್ಡ್ ಎನ್ನಬಹುದು, ಅವ್ವನ ಹೆಸರನ್ನೂ ಹೇಳಬಹುದು. ನನಗೆ ಗೊತ್ತಿಲ್ಲ.

ಮದುವೆ ಮುಗಿಸಿ ಹಾವೇರಿಗೆ ಬಂದು ಮೊದಲು ಹೋದದ್ದು ಶಿವಪ್ಪನವರ ಅಂಗಡಿಗೆ. ಡಾಕ್ಟರಿಗೆ ತೋರಿಸಲು ಹೊಸದೊಂದು ಕಾಪಿ ಪುಸ್ತಕ ಬೇಕಿತ್ತು.

‘ಅನನ್ಯ ಹೆಂಗದಾಳ್ರಿ?’ ಎಂದರು.

‘ಅನನ್ಯ ಇಲ್ರೀ ಶಿವಪ್ಪ. ಪುಸ್ತಕ ನನಗ. ನನ್ನ ಕೈ ನಡಗತೈತಿ, ಬರದು ನೋಡಕೋತಿದ್ದೆ. ಹೇಳಾಕ ಅಂಜಿಕಿ ಬಂದಿತ್ತು.’

ಅವರು ನನ್ನ ಮುಖ, ಬಳೆ, ಪುಸ್ತಕ ಮೂರನ್ನೂ ನೋಡಿದರು. ನನ್ನ ಕೈಗಿಂತ ಅನನ್ಯ ಇಲ್ಲದ್ದೇ ಅವರಿಗೆ ಹೆಚ್ಚು ದುಃಖವಾದಂತಿತ್ತು. ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಹಾಳೆ ತೆಗೆದರು. ಬಂಗಾರದ ಬಣ್ಣದ ಚುಕ್ಕಿ ಸ್ಟಿಕರುಗಳು, ಶಾಲೆಯಲ್ಲಿ ಒಳ್ಳೆಯ ಅಕ್ಷರಕ್ಕೆ ಅಂಟಿಸುವ ನಕ್ಷತ್ರಗಳು. ‘ಆಕಿಗಂತ ತಗದ ಇಟ್ಟಿದ್ದೆ’ ಎಂದರು. ಸ್ವಲ್ಪ ಹೊತ್ತು ಯೋಚಿಸಿ ಅದನ್ನು ಪುಸ್ತಕದೊಳಗೆ ಸೇರಿಸಿದರು. ಆಮೇಲೆ ಒಂದು ದಪ್ಪ ಮೂರುಮೂಲೆಯ ಪೆನ್ಸಿಲು ತೆಗೆದು ಎದುರಿಗೆ ಹಿಡಿದರು. ‘ತೆಳ್ಳಂದು ಬ್ಯಾಡ್ರಿ, ಜಾರತೈತಿ. ಇದನ್ನ ಕೈಯಾಗ ಹಿಡದು ನೋಡ್ರಿ ಅಕ್ಕಾರ.’

ಹಿಡಿದು ನೋಡಿದೆ. ಬಳೆ ಗಿಲ್ ಎಂದವು. ಅವರು ಫ್ಯಾನಿನತ್ತ ನೋಡಲಿಲ್ಲ.

ಇದನ್ನು ಆ ಪೆನ್ಸಿಲಿನಲ್ಲೇ ಬರೆದಿದ್ದೇನೆ. ಕಾಪಿ ಪುಸ್ತಕದ ಮೊದಲ ಪುಟದಲ್ಲಿ ಕುಣಿಕೆಗಳು ಹತ್ತಿ ಇಳಿದು ಒಂದರ ಮೇಲೊಂದು ಬಿದ್ದಿವೆ. ಸಿಸ್ಟರ್ ಇದ್ದಿದ್ದರೆ ಸ್ಕೇಲು ಹುಡುಕುತ್ತಿದ್ದರು. ಎಲ್ಲಕ್ಕಿಂತ ಡೊಂಕಾದ ಸಾಲಿನ ಪಕ್ಕ ಒಂದು ಚುಕ್ಕಿ ಅಂಟಿಸಿದ್ದೇನೆ. ಮೂರು ಸಲ ಪ್ರಯತ್ನಿಸಬೇಕಾಯಿತು. ಅದೂ ಸ್ವಲ್ಪ ಓರೆಯಾಗಿಯೇ ಕೂತಿದೆ.